ಹಿಂದಿನ ಸೀಟಿನ ಪೆರಿಯಮಾವ

ಜೀವಮಾನದಲ್ಲಿ ಒಂದು ಹನಿ ಮುಟ್ಟದೆ ಕುಡಿತದ ದಂಡ ಕಟ್ಟಿದವರು, ನಾನು ಕಂಡ ಹಾಗೆ, ನಮ್ಮ ಕಂಬಂ ಕಣಿವೆಯಲ್ಲಿ ಒಬ್ಬರೇ. ಅವರು ಹೋಗಿ ಎರಡು ತಿಂಗಳಾಗುತ್ತ ಬಂತು. ನಮ್ಮೂರು ಹನುಮಂತನಪಟ್ಟಿಯಲ್ಲಿ ಈಗಲೂ ಮದುವೆ ಊಟ ಮುಗಿಸಿ ಬೈಕು ಹತ್ತುವವರು ಹಿಂದೆ ಒಮ್ಮೆ ತಿರುಗಿ ನೋಡುತ್ತಾರೆ, ಸದ್ದಿಲ್ಲದೆ ಹತ್ತಿ ಕೂತುಬಿಟ್ಟಿದ್ದಾರೋ ಏನೋ ಎಂದು.

ಊರಿಗೆಲ್ಲ ಅವರು ಪೆರಿಯಮಾವ. ಪೆರಿಯ ಎಂದರೆ ತಮಿಳಿನಲ್ಲಿ ದೊಡ್ಡ. ಮಾವ ನಮ್ಮದೇ ಮಾತು. ನಮ್ಮ ಹಿರಿಯರು ಕನ್ನಡ ನಾಡು ಬಿಟ್ಟು ಇಲ್ಲಿ ತಮಿಳುನಾಡಿಗೆ ಬಂದು ಬೇಸಾಯಕ್ಕೆ ನಿಂತು ಎಷ್ಟು ತಲೆಮಾರಾಯಿತೋ ಲೆಕ್ಕವಿಲ್ಲ. ಹಾಗಾಗಿ ಮನೆಯ ಮಾತು ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು. ಬೈಗುಳ ಮಾತ್ರ ಪೂರ್ತಿ ಕನ್ನಡದ್ದು. ಅದನ್ನು ಯಾರಿಂದಲೂ ಸಾಲ ತರಬೇಕಾಗಿ ಬಂದಿಲ್ಲ.

ಪೆರಿಯಮಾವನದು ಒಣಕಲು ಮೈ, ಮೊಣಕಾಲಿಗೆ ಮಡಚಿ ಕಟ್ಟಿದ ಪಂಚೆ, ಹೆಗಲ ಮೇಲೆ ಒಂದು ಹಳದಿ ಟವೆಲು. ಸ್ವಲ್ಪ ದ್ರಾಕ್ಷಿ, ಸ್ವಲ್ಪ ಗದ್ದೆ. ಸ್ವಂತ ಗಾಡಿ ಇರಲಿಲ್ಲ, ಓಡಿಸಲೂ ಬರುತ್ತಿರಲಿಲ್ಲ. ಆದರೆ ಈ ಕಣಿವೆಯಲ್ಲಿ ಅವರಷ್ಟು ಬೈಕಿನ ಮೇಲೆ ಓಡಾಡಿದವರು ಇನ್ನೊಬ್ಬರಿಲ್ಲ. ಯಾವ ಮದುವೆಗೆ ಹೋಗಲಿ, ಯಾವ ಕಿವಿ ಚುಚ್ಚುವ ಊಟಕ್ಕೆ ಹೋಗಲಿ, ಎಲೆ ತೆಗೆದ ಮೇಲೆ ಚಪ್ಪರದ ಬಾಯಿಗೆ ಬಂದು ನಿಲ್ಲುತ್ತಿದ್ದರು. ಹೊರಗೆ ಬರುವ ಒಬ್ಬೊಬ್ಬರ ನಡಿಗೆ ನೋಡುತ್ತಿದ್ದರು. ಯಾರು ಎಲ್ಲರಿಗಿಂತ ಹೆಚ್ಚು ಕುಡಿದಿದ್ದಾನೋ ಅವನ ಬೈಕಿನ ಹಿಂದೆ ಹೋಗಿ ಕೂರುತ್ತಿದ್ದರು.

ಅವರ ವಾದ ಇಷ್ಟೆ. ಕುಡಿದವನಿಗೆ ಓಡಿಸಬೇಡ ಎಂದರೆ ಅವನು ಇನ್ನೂ ಜೋರಾಗಿ ಓಡಿಸುತ್ತಾನೆ. ಹಿಂದೆ ಒಬ್ಬ ಹಿರಿಯ ಕೂತಿದ್ದರೆ ಮದುಮಗಳನ್ನು ಕರೆದುಕೊಂಡು ಹೋಗುವ ಹಾಗೆ ಓಡಿಸುತ್ತಾನೆ. ಹಿಂದೆ ಕೂತು ಅವರು ಯಾರ ಹೆಗಲನ್ನೂ ಹಿಡಿಯುತ್ತಿರಲಿಲ್ಲ. ಎರಡು ಕೈ ತೊಡೆಯ ಮೇಲೆ. ಬಾಯಿ ಮಾತ್ರ ಬಿಡುವಿಲ್ಲ: ಆ ಎಡಗಡೆ ತೋಟ ಯಾರದು, ಈ ಸಲ ಏನು ಔಷಧಿ ಹೊಡೆದ, ನಿನ್ನ ಅತ್ತೆಗೆ ಮಂಡಿನೋವು ಹೇಗಿದೆ. ಓಡಿಸುವವನು ಉತ್ತರ ಕೊಡಬೇಕು, ಉತ್ತರ ಕೊಡಬೇಕಾದರೆ ಯೋಚಿಸಬೇಕು, ಯೋಚಿಸಬೇಕಾದರೆ ಆಕ್ಸಿಲರೇಟರ್ ಸಡಿಲ ಬಿಡಬೇಕು. ಸ್ವಲ್ಪ ವೇಗ ಏರಿತೋ, ಅತ್ತೆಯ ಸುದ್ದಿ ಎತ್ತುತ್ತಿದ್ದರು.

ನಾನು ದ್ರಾಕ್ಷಿ ವ್ಯಾಪಾರಿ. ಕಂಬಂ ಮಾರ್ಕೆಟ್ಟಿನಲ್ಲಿ ಪೆಟ್ಟಿಗೆ ಹೊತ್ತು ಶುರುಮಾಡಿ ಇವತ್ತು ದಿಂಡಿಗಲ್ಲಿಗೆ ಸ್ವಂತ ಲಾರಿಯಲ್ಲಿ ಮಾಲು ಕಳಿಸುತ್ತೇನೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆ ಕೆಲವರಲ್ಲಿ ಪೆರಿಯಮಾವ ಮೊದಲು ಬರುತ್ತಾರೆ. ಹೇಗೆ ಎಂದು ಹೇಳಬೇಕಾದರೆ ಮೊದಲು ಕಂಬಳಿಯ ವಿಷಯ ಹೇಳಬೇಕು.

ನಮ್ಮಲ್ಲಿ ನ್ಯಾಯ ಕೂರುವುದು ಕಂಬಳಿಯ ಮೇಲೆ. ಬೇವಿನ ಮರದ ಕೆಳಗೆ ಕರಿಯ ಕಂಬಳಿ ಹಾಸಿ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟು, ಊರಗೌಡರೂ ಹಿರಿಯರೂ ಕೂರುತ್ತಾರೆ. ಬೇಲಿ ಜಗಳ, ನೀರಿನ ಜಗಳ, ಗಂಡಹೆಂಡಿರ ಜಗಳ ಎಲ್ಲ ಅಲ್ಲಿಗೇ. ಅದರ ಮೇಲೆ ಕೂತು ಸುಳ್ಳಾಡಬಾರದು. ಅದರ ಮೇಲೆ ಒಂದು ಜಾಗ ಸಿಗುವುದೆಂದರೆ ಗಂಡಸಿಗೆ ಆಸ್ತಿ ಸಿಕ್ಕಿದ್ದಕ್ಕಿಂತ ದೊಡ್ಡದು. ಪೆರಿಯಮಾವನಿಗೆ ಅವರ ಅಪ್ಪನ ಜಾಗ ಬಂದಿತ್ತು.

ಒಮ್ಮೆ ಒಬ್ಬ ಮಹಾರಾಯ ಕುಡಿದು ಓಡಿಸಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ದಂಡ ಕಟ್ಟಿ, ನೇರ ಬಂದು ಕಂಬಳಿಯ ಮೇಲೆ ಕೂತ. ಕೇಳಿದರೆ ನಾನು ಕುಡಿದೇ ಇರಲಿಲ್ಲ, ಪೊಲೀಸರು ಊದಿಸುವ ಮೆಷಿನ್ನೇ ಕೆಟ್ಟಿತ್ತು ಎಂದ. ಆಗ ಹೊಸ ಕಟ್ಟಳೆ ಮಾಡಿಸಿದವರು ಪೆರಿಯಮಾವನೇ. ಕುಡಿದವನನ್ನು ಹೊರಗಿಡೋಣ ಎಂದು ಬೇರೆಯವರು ಹೇಳಿದಾಗ ಅವರು ಒಪ್ಪಲಿಲ್ಲ.

"ಕುಡ್ದವ್ನು ಅಂದ್ರೆ ಕುಡ್ದಿಲ್ಲ ಅಂತಾನೆ. ದಂಡ ಕಟ್ಟಿದವ್ನು ಅನ್ನಿ. ಅದಕ್ಕೆ ರಸೀದಿ ಇರ್ತದೆ," ಎಂದರು.

ಹಾಗೇ ಆಯಿತು. ಕುಡಿತದ ದಂಡ ಕಟ್ಟಿದವನು ಕಂಬಳಿ ಮುಟ್ಟಬಾರದು. ಮೇಲಿರುವವರು ಹೆಸರು ಹಿಡಿದು ಮತ್ತೆ ಕರೆಯುವ ತನಕ ಅಂಚಿನ ಆಚೆ ನಿಲ್ಲಬೇಕು. ನಾನಂತೂ ತಲೆದೂಗಿದೆ. ಒಪ್ಪಂದ ಮಾಡುವವರು ಇದನ್ನು ಕಲಿಯಬೇಕು: ಮನಸ್ಸಿನಲ್ಲಿರುವುದನ್ನು ನಂಬಿ ಬರೆಯಬೇಡಿ, ಕೈಗೆ ಸಿಗುವುದನ್ನು ಬರೆಯಿರಿ.

ಆ ಕಟ್ಟಳೆ ಎರಡು ವರ್ಷದ ಹಿಂದೆ ಅವರನ್ನೇ ಹಿಡಿಯಿತು.

ಕೊಂಬೈಯಲ್ಲಿ ನೆಂಟರ ಮಗುವಿಗೆ ಕಿವಿ ಚುಚ್ಚುವ ದಿನ. ಮರಿ ಕಡಿದು ಮಧ್ಯಾಹ್ನದ ಊಟ. ನನ್ನ ಹೆಂಡತಿಯ ತಮ್ಮ ರಂಗಸಾಮಿ ಬಂದಿದ್ದ. ದ್ರಾಕ್ಷಿಗೆ ಔಷಧಿ ಹೊಡೆಯುವ ಮೆಷಿನ್ ಬಾಡಿಗೆಗೆ ಕೊಡುವವನು, ಒಳ್ಳೆಯವನು. ಎರಡನೇ ಗ್ಲಾಸಿನ ತನಕ. ಅವತ್ತು ಎರಡನೆಯದು ಮುಗಿದು ಬಹಳ ಹೊತ್ತಾಗಿತ್ತು. ಪೆರಿಯಮಾವ ಚಪ್ಪರದ ಬಾಯಲ್ಲಿ ನಿಂತು ಅವನ ನಡಿಗೆ ನೋಡಿದರು, ಬೈಕಿನ ಹಿಂದೆ ಹೋಗಿ ಕೂತರು. ನಾನು ನನ್ನ ಕಾರಿಗೆ ಕರೆದೆ.

"ನಿನ್ ಕಾರಲ್ಲಿ ಎಲ್ಲಾರೂ ನೆಟ್ಟಗವ್ರೆ ಅಳಿಯ. ಅಲ್ಲಿ ನಾನು ಏತಕ್ಕೆ?" ಎಂದರು.

ಅವರು ಮುಂದೆ, ನಾನು ಕಾರಿನಲ್ಲಿ ಹಿಂದೆ. ತೆಂಗಿನ ತೋಟದ ತಿರುವು ದಾಟಿದರೆ ಪೊಲೀಸು. ಬಿಸಿಲು ಇನ್ನೂ ಚೆನ್ನಾಗಿತ್ತು. ಹಗಲಲ್ಲಿ ಯಾರು ಹಿಡಿಯುತ್ತಾರೆ ಎನ್ನುವವರಿಗೆ ಇದನ್ನು ಹೇಳಿಡುತ್ತೇನೆ. ರಂಗಸಾಮಿ ಮೆಷಿನ್ನಿಗೆ ಊದಿದ. ಅದು ತೋರಿಸಿದ ಅಂಕಿ ನೋಡಿ ಸಬ್ ಇನ್ಸ್‌ಪೆಕ್ಟರೇ ಒಂದು ಹೆಜ್ಜೆ ಹಿಂದೆ ಸರಿದ. ಚಿಕ್ಕ ವಯಸ್ಸಿನ ಹುಡುಗ, ಮರ್ಯಾದಸ್ಥ. ಪೆರಿಯಮಾವನಿಗೂ ಊದಲು ಹೇಳಿದ. ಇವರು ಶಂಖ ಊದುವ ಹಾಗೆ ಕಣ್ಣುಮುಚ್ಚಿ ಊದಿದರು. ಸೊನ್ನೆ. ಇವರ ಮುಖದಲ್ಲಿ ಒಂದು ಸಣ್ಣ ಗರ್ವ ಬಂದಿದ್ದು ನಾನು ಕಾರಿನಿಂದಲೇ ನೋಡಿದೆ. ಇವನು ಕುಡಿದಿರುವುದು ನಿಮಗೆ ಗೊತ್ತಿತ್ತೇ ಪೆರಿಯವರೇ ಎಂದು ಹುಡುಗ ಕೇಳಿದ. ಗೊತ್ತಿಲ್ಲದೆ ಏನು, ದೂರದಿಂದಲೇ ಗೊತ್ತಾಗುತ್ತದಲ್ಲ ಎಂದರು ಇವರು. ಹಾಗಾದರೆ ನಿಮ್ಮ ಮೇಲೂ ಕೇಸು ಎಂದ ಅವನು.

ಇದು ಬಹಳ ಜನಕ್ಕೆ ತಿಳಿಯದ ಸಂಗತಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನೂರು ಮಿಲಿ ರಕ್ತದಲ್ಲಿ ಆಲ್ಕೋಹಾಲು ಮೂವತ್ತು ಮಿಲಿಗ್ರಾಂ ದಾಟಿತೆಂದರೆ ಕುಡಿದು ಓಡಿಸಿದ ಹಾಗೆ. ಮೊದಲ ಸಲಕ್ಕೆ ಆರು ತಿಂಗಳ ತನಕ ಜೈಲು, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದ ತನಕ, ದಂಡ ಹದಿನೈದು ಸಾವಿರ. ಗಾಡಿ ಅಲ್ಲೇ ಹಿಡಿದಿಡುತ್ತಾರೆ, ಲೈಸೆನ್ಸಿಗೆ ಕುತ್ತು ಬರುತ್ತದೆ. ಕುಡಿದು ಗುದ್ದಿದರೆ ಇನ್ಶೂರೆನ್ಸಿನವರು ಮುಖ ತಿರುಗಿಸುತ್ತಾರೆ. ಇನ್ನು, ತಿಳಿದೂ ತಿಳಿದೂ ಅಂಥವನ ಹಿಂದೆ ಕೂತವನು ತಪ್ಪಿಗೆ ಕುಮ್ಮಕ್ಕು ಕೊಟ್ಟವನು ಎಂದು ಅವನಿಗೂ ಅದೇ ದಂಡ ಹಾಕಲು ನಮ್ಮ ತಮಿಳುನಾಡಿನಲ್ಲಿ ಶುರುಮಾಡಿದ್ದಾರೆ. ನಾನು ಕಾರಿಂದ ಇಳಿದು ಬೆಲೆ ಮಾತಾಡುವವನ ಮುಖ ಮಾಡಿಕೊಂಡು ಹೋದೆ. ಹುಡುಗ ನನ್ನ ಮುಂದೆಯೂ ಮೆಷಿನ್ ಹಿಡಿದ. ಆ ಜಾಗದಲ್ಲಿ ಚೌಕಾಸಿ ಬೇಡ ಎಂಬುದು ನನ್ನ ಸಲಹೆ. ಓಡಬೇಡಿ, ಜಗಳ ಬೇಡ, ಕೊಟ್ಟ ಕಾಗದ ಇಸಿದುಕೊಳ್ಳಿ, ನೆಟ್ಟಗಿರುವ ಒಬ್ಬರನ್ನು ಕರೆಸಿ ಮನೆಗೆ ಹೋಗಿ.

ಕೋರ್ಟಿನ ದಿನ ಇಬ್ಬರನ್ನೂ ಕರೆದುಕೊಂಡು ಹೋದವನು ನಾನೇ. ದಂಡದ ಚಿಂತೆ ಪೆರಿಯಮಾವನಿಗೆ ಇರಲಿಲ್ಲ. ಚಿಂತೆ ಕಂಬಳಿಯದು. ದಂಡ ಕಟ್ಟಿದರೆ ರಸೀದಿ, ರಸೀದಿ ಬಂದರೆ ಅಂಚಿನ ಆಚೆ. ನಾನು ದಾರಿಯುದ್ದ ಪಾಠ ಹೇಳಿಕೊಟ್ಟೆ: ಇವನು ಕುಡಿದಿದ್ದು ಗೊತ್ತಿತ್ತೇ ಎಂದು ಕೇಳುತ್ತಾರೆ, ಗೊತ್ತಿರಲಿಲ್ಲ ಎನ್ನಿ, ಅಷ್ಟೇ, ಮುಂದೆ ಬಾಯಿ ಬಿಡಬೇಡಿ. ಅವರು ಹೂಂಗುಟ್ಟಿದರು. ಟವೆಲು ಸೊಂಟಕ್ಕೆ ಕಟ್ಟಿ ಒಂದೆರಡು ಸಲ ಹೇಳಿಯೂ ನೋಡಿದರು.

ಮ್ಯಾಜಿಸ್ಟ್ರೇಟ್ ಒಬ್ಬ ಹೆಂಗಸು. ಕನ್ನಡಕದ ಮೇಲಿಂದ ನೋಡಿ ಅದೇ ಪ್ರಶ್ನೆ ಕೇಳಿದರು. ಪೆರಿಯಮಾವ ಒಮ್ಮೆ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಹೇಳಿಕೊಟ್ಟೆ. ಅವರು ತಮಿಳಿನಲ್ಲಿ, ಬಹಳ ವಿನಯದಿಂದ, "ಗೊತ್ತಿತ್ತು ತಾಯಿ. ಗೊತ್ತಿದ್ದುದರಿಂದಲೇ ಕೂತೆ," ಎಂದುಬಿಟ್ಟರು.

ನನ್ನ ವ್ಯಾಪಾರ ಅಲ್ಲಿಗೆ ಮುಳುಗಿತು. ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟು ಅದೇನು ಎಂದು ಕೇಳಿದರು. ಇವರು ಅತ್ತೆಯ ಮಂಡಿನೋವಿನ ತನಕ ಎಲ್ಲ ಹೇಳಿದರು. ಆಕೆ ಪೂರ್ತಿ ಕೇಳಿ, ಅಷ್ಟೆಲ್ಲ ಮಾತಾಡುವ ಬದಲು ಕೀ ಕಿತ್ತುಕೊಳ್ಳಬಹುದಿತ್ತಲ್ಲ ಎಂದರು. ಅಷ್ಟು ಸುಲಭದ್ದು ಪೆರಿಯಮಾವನಿಗೆ ಅಷ್ಟು ವರ್ಷ ತೋಚಿರಲಿಲ್ಲ. ಮತ್ತೆ ಏನೋ ನೆನಪಾಗಿ, ನಾನು ಮುಂದೆ ಕೂತು ಓಡಿಸಿ ಅವನನ್ನು ಹಿಂದೆ ಕೂರಿಸಿಕೊಂಡರೆ ತಪ್ಪು ಯಾರದು ಎಂದು ಕೇಳಿದರು. ಯಾರದೂ ಅಲ್ಲ, ನಿಮಗೆ ಲೈಸೆನ್ಸ್ ಇದೆಯೇ ಎಂದರು ಆಕೆ. ಇಲ್ಲ ಎಂದರು ಇವರು. ಹಾಗಾದರೆ ಅದಕ್ಕೆ ಬೇರೆ ಸೆಕ್ಷನ್ ಎಂದರು. ಕೋರ್ಟಿನ ಗುಮಾಸ್ತ ಕೂಡ ನಕ್ಕ. ನಗು ಮುಗಿದ ಮೇಲೆ ಇಬ್ಬರಿಗೂ ದಂಡ ಬಿತ್ತು. ರಂಗಸಾಮಿಯ ಲೈಸೆನ್ಸೂ ಕೆಲಕಾಲಕ್ಕೆ ಹೋಯಿತು. ಪೆರಿಯಮಾವ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂದಿನ ಸಲ ಕಂಬಳಿ ಹಾಸಿದಾಗ ಅವರು ಬಂದು, ಚಪ್ಪಲಿ ಬಿಟ್ಟು, ಅಂಚಿನ ಆಚೆ ನಿಂತರು. ಮೇಲಿದ್ದವರಿಗೆಲ್ಲ ಇರುಸುಮುರುಸು. ಊರಗೌಡರು ಅವರಿಗಿಂತ ಚಿಕ್ಕವರು. ನೀವು ಕುಡಿದಿಲ್ಲವಲ್ಲ, ಬಂದು ಕೂರಿ ಎಂದರು. ಇವರು ರಸೀದಿ ತೆಗೆದು ತೋರಿಸಿದರು. ನಾನು ಕಟ್ಟಳೆಯ ಉದ್ದೇಶ ಬೇರೆ, ಮಾತು ಬೇರೆ ಎಂದು ವಾದಿಸಲು ಹೋದೆ. ನೀನು ವ್ಯಾಪಾರಿ, ಮಾತು ತಿರುಗಿಸುತ್ತೀಯ ಎಂದು ಪೆರಿಯಮಾವನೇ ನನ್ನ ಬಾಯಿ ಮುಚ್ಚಿಸಿದರು. ಸರಿ, ಈಗಲೇ ಹೆಸರು ಹಿಡಿದು ಕರೆಯುತ್ತೇವೆ, ಕಟ್ಟಳೆಯಲ್ಲೇ ದಾರಿ ಇದೆಯಲ್ಲ ಎಂದರು ಗೌಡರು.

"ಈಗ ಕರುದ್ರೆ ಬರಾಕಿಲ್ಲ," ಎಂದರು ಪೆರಿಯಮಾವ. ಜನರ ಹಿಂದೆ ಅಡಗಿ ನಿಂತಿದ್ದ ರಂಗಸಾಮಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಅಗೋ, ಅವನು ಒಂದು ವರ್ಷ ಮುಟ್ದೆ ಇರ್ಲಿ. ಆ ದಿನ ಕರೀರಿ, ಬತ್ತೀನಿ."

ಎಲ್ಲರ ತಲೆ ಒಟ್ಟಿಗೆ ರಂಗಸಾಮಿಯ ಕಡೆ ತಿರುಗಿತು. ಪಾಪ, ಅವನ ಮುಖ ಔಷಧಿ ಹೊಡೆದ ಎಲೆಯ ಹಾಗೆ ಆಯಿತು. ಆಗ ನನಗೆ ಹೊಳೆಯಿತು, ಎಂಥ ವ್ಯಾಪಾರ ಇದು. ನಾವೆಲ್ಲ ಎದುರಿನವನ ಮಾಲು ಹಿಡಿದಿಟ್ಟುಕೊಂಡು ಬೆಲೆ ಮಾತಾಡುತ್ತೇವೆ. ಈ ಮನುಷ್ಯ ತನ್ನ ಮಾಲನ್ನು ಎದುರಿನವನ ಕೈಯಲ್ಲಿಟ್ಟು ಸುಮ್ಮನೆ ನಿಂತ.

ಅವತ್ತಿನಿಂದ ರಂಗಸಾಮಿಗೆ ಊರೆಲ್ಲ ಕಾವಲು. ಸರ್ಕಾರಿ ಮದ್ಯದಂಗಡಿ ಇರುವ ರಸ್ತೆಯಲ್ಲಿ ಅವನು ಸೈಕಲ್ಲಿಗೆ ಗಾಳಿ ಹೊಡೆಸಲು ನಿಂತರೂ ಯಾರಾದರೂ ಕೆಮ್ಮುತ್ತಿದ್ದರು. ಪೆರಿಯಮಾವನ ಹೆಂಡತಿ, ನಾವು ಅತ್ತೆ ಎನ್ನುವವರು, ಬಾಯಿ ಚುರುಕು. ದಿನಾ ಬೆಳಿಗ್ಗೆ ಅವನು ಮನೆ ಮುಂದೆ ಹಾದು ಹೋಗುವಾಗ ಬಾಗಿಲಿಗೆ ಬಂದು ನಿಂತು ಅವನ ನಡಿಗೆ ನೋಡುತ್ತಿದ್ದರು. ಗಂಡನನ್ನೂ ಬಿಡುತ್ತಿರಲಿಲ್ಲ. "ಕೂತಿದ್ದಾಗ್ಲೂ ನಿಮ್ ಮಾತ ಯಾರು ಕೇಳ್ತಿದ್ರು? ನಿಂತ್ಕಂಡ್ರೆ ಗಾಳಿಯಾದ್ರೂ ಬತ್ತದೆ," ಎಂದರಂತೆ.

ಕೇಳುತ್ತಿದ್ದರು, ಅದೇ ತಮಾಷೆ. ಅಂಚಿನ ಆಚೆ ನಿಂತವರ ಮಾತಿಗೆ ತೂಕವಿಲ್ಲ ಎಂದು ಕಟ್ಟಳೆ. ಆದರೆ ಕಂಬಳಿಯ ಮೇಲಿದ್ದವರೆಲ್ಲ ತೀರ್ಪು ಹೇಳುವ ಮುಂಚೆ ಕತ್ತೆತ್ತಿ ಅವರ ಮುಖ ನೋಡುತ್ತಿದ್ದರು. ಮುದುಕ ನಿಂತಿದ್ದಾರೆ, ಕಾಲು ನೋಯುತ್ತದೆ ಎಂದು ಜಗಳಗಂಟರೂ ಬೇಗ ರಾಜಿಯಾಗುತ್ತಿದ್ದರು. ಸಂಜೆ ತನಕ ಎಳೆಯುತ್ತಿದ್ದ ಪಂಚಾಯಿತಿ ಒಂದು ಕಾಫಿ ಹೊತ್ತಿಗೆ ಮುಗಿಯತೊಡಗಿತು. ನಾನು ನನ್ನ ದ್ರಾಕ್ಷಿ ಅಂಗಡಿಯಲ್ಲೂ ಒಂದು ಕುರ್ಚಿ ಕಡಿಮೆ ಮಾಡಿದೆ. ಕೂತ ಗಿರಾಕಿ ಯೋಚಿಸುತ್ತಾನೆ, ನಿಂತ ಗಿರಾಕಿ ಒಪ್ಪುತ್ತಾನೆ. ಬೇಕಾದರೆ ಪರೀಕ್ಷೆ ಮಾಡಿ ನೋಡಿ.

ಈ ನಡುವೆ ಅವರು ಒಂದು ಹಳೆಯ ಮೊಪೆಡ್ ಕೊಂಡು ಓಡಿಸಲು ಕಲಿತರು. ಆ ವಯಸ್ಸಿನಲ್ಲಿ. ಗುಡಿಯ ಹಿಂದಿನ ಬಯಲಿನಲ್ಲಿ ಕಲಿಸಿದವನು ರಂಗಸಾಮಿ, ಪಕ್ಕದಲ್ಲಿ ಓಡುತ್ತ. ಅದು ಎತ್ತಲ್ಲ ಮಾವ, ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಬ್ರೇಕು ಹಿಡಿಯಿರಿ ಎಂದು ಅವನು ಕೂಗುವುದು ಊರಿಗೆಲ್ಲ ಕೇಳುತ್ತಿತ್ತು. ಆರ್‌ಟಿಓ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸಬೇಕಲ್ಲ, ಇವರು ಶುರುಮಾಡಿ ಮುಗಿಸುವುದರೊಳಗೆ ಇನ್ಸ್‌ಪೆಕ್ಟರು ಟೀ ಕುಡಿದು ಲೋಟ ತೊಳೆದಿಟ್ಟರು. ಕಾಲು ಕೆಳಗೆ ಊರಲಿಲ್ಲ, ಪಾಸಾಯಿತು. ಆಮೇಲೆ ಯಾವ ಊಟಕ್ಕೆ ಹೋದರೂ ಚಪ್ಪರದ ಬಾಯಲ್ಲಿ ಮೊದಲಿನ ಹಾಗೇ ನಿಲ್ಲುತ್ತಿದ್ದರು, ಕೈ ಚಾಚಿ ಕೀ ಇಸಿದುಕೊಳ್ಳುತ್ತಿದ್ದರು, ಕುಡಿದವನಿಗೆ ಹೆಲ್ಮೆಟ್ ಹಾಕಿ ತಮ್ಮ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು. ಆ ವೇಗಕ್ಕೆ ಮನೆ ಸೇರುವುದರೊಳಗೆ ಅರ್ಧ ಇಳಿದಿರುತ್ತಿತ್ತು. ತನ್ನ ಗಾಡಿಯನ್ನು ಮಾತ್ರ ಅವನು ಮಾರನೆಯ ದಿನ ಹೋಗಿ ತರಬೇಕು, ಹೆಂಡತಿಗೆ ಕಾರಣ ಹೇಳಿ.

ವರ್ಷ ತುಂಬಲು ಕೆಲವೇ ವಾರ ಇದ್ದಾಗ ದಿಂಡಿಗಲ್ಲಿನಲ್ಲಿ ನನ್ನ ವ್ಯಾಪಾರದ ಸ್ನೇಹಿತನ ಮಗಳ ಮದುವೆ. ಕಾರು ರಿಪೇರಿಗೆ ಹೋಗಿತ್ತು, ರಂಗಸಾಮಿ ಜೊತೆಗೆ ಬಸ್ಸಿನಲ್ಲಿ ಬಂದ. ಬಿರಿಯಾನಿ ಊಟವಾದ ಮೇಲೆ ಕೈ ತೊಳೆಯಲು ಮಂಟಪದ ಹಿಂದೆ ಹೋದರೆ ಅವನು ಕೈಯಲ್ಲಿ ಕಾಗದದ ಲೋಟ ಹಿಡಿದು ನಿಂತಿದ್ದ. ಅದರಲ್ಲಿ ಏನಿತ್ತೆಂದು ಕೇಳಬೇಕಾಗಿರಲಿಲ್ಲ. ನಮ್ಮೂರಿನವರು ಬೇರೆ ಯಾರೂ ಅಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನು ಹೇಳಿದೆ: ನೋಡಿದವನು ನಾನೊಬ್ಬ, ನಾನು ನೋಡಿಲ್ಲ, ಇನ್ನು ಕೆಲವು ವಾರ ಬಾಯಿ ಮುಚ್ಚಿಕೊಂಡಿರು, ಮುದುಕರು ಕೂರಲಿ. ಒಳ್ಳೆಯ ಸಲಹೆಯೇ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಕೊಟ್ಟೇನು.

ಮಾರನೆಯ ಬೆಳಿಗ್ಗೆ ಅವನು ನೇರವಾಗಿ ಅವರ ತೋಟಕ್ಕೆ ಹೋದ. ತಡೆಯಲೆಂದು ನಾನೂ ಹಿಂದೆ ಹೋದೆ. ಪೆರಿಯಮಾವ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಬಳ್ಳಿ ಕಟ್ಟುತ್ತಿದ್ದರು.

"ಮಾವ, ನೆನ್ನೆ ಕುಡ್ದೆ," ಎಂದ ರಂಗಸಾಮಿ.

ಅವರು ಕಟ್ಟುವುದನ್ನು ನಿಲ್ಲಿಸಲಿಲ್ಲ. "ಗಾಡಿ ಓಡ್ಸಿದ್ಯಾ?"

"ಇಲ್ಲ. ಬಸ್ಸಲ್ಲಿ ಬಂದೆ."

"ಅದೊಂದು ಲಾಭ." ಇನ್ನೊಂದು ಗಂಟು ಹಾಕಿದರು. "ಸರಿ. ಇವತ್ತಿಂದ ಎಣ್ಸು."

ನನಗೆ ತಡೆಯಲಾಗಲಿಲ್ಲ. ಇಷ್ಟು ದೂರ ಬಂದ ಮೇಲೆ ಮತ್ತೆ ಒಂದು ವರ್ಷವೇ ಮಾವ, ಯಾರೂ ನೋಡಿಲ್ಲವಲ್ಲ ಎಂದೆ.

"ನೀನು ನೋಡಿದ್ದೀಯಲ್ಲ."

ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ.

"ನಾನು ತಗಂಡಿದ್ದೀನಿ ಅಳಿಯ," ಎಂದು ಹೇಳಿ ಮುಂದಿನ ಬಳ್ಳಿಗೆ ಹೋದರು.

ಎಣಿಕೆ ಮೊದಲಿನಿಂದ ಶುರುವಾಯಿತು. ಈ ಸಲ ಯಾರೂ ಕೆಮ್ಮಲಿಲ್ಲ, ಅತ್ತೆಯೂ ಬಾಗಿಲಿಗೆ ಬಂದು ನಿಲ್ಲಲಿಲ್ಲ. ಪೆರಿಯಮಾವನೇ ಬೇಡ ಎಂದಿದ್ದರು. ಕಂಬಳಿ ಹಾಸಿದಾಗಲೆಲ್ಲ ಬಂದು ನಿಲ್ಲುತ್ತಿದ್ದರು. ಕೊನೆಕೊನೆಗೆ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತರು. ಗೌಡರು ಕುರ್ಚಿ ತರಿಸಿದರೆ ಅದರ ಮೇಲೆ ಟವೆಲು ಇಟ್ಟು ನಿಂತೇ ಇದ್ದರು. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಜಗುಲಿಯ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ವರ್ಷ ತುಂಬಲು ಇನ್ನೂ ಸ್ವಲ್ಪ ಬಾಕಿ ಇತ್ತು.

ನಮ್ಮ ಕಡೆ ಸಾವಿನ ಮನೆಯಲ್ಲಿ ತಮಟೆಯ ಜೊತೆ ಇನ್ನೊಂದೂ ಹರಿಯುತ್ತದೆ. ಯಾರೋ ರಂಗಸಾಮಿಯ ಕೈಗೆ ಒಂದು ಗ್ಲಾಸು ಕೊಡಲು ಬಂದರು. ಅವನು ಬೇಡವೆಂದ. ಎಣಿಸುವವರೇ ಹೋದ ಮೇಲೆ ಇನ್ನು ಯಾರಿಗೆ ಲೆಕ್ಕ ಎಂದು ಗ್ಲಾಸು ತಂದವರು ಕೇಳಿದ್ದಕ್ಕೆ ರಂಗಸಾಮಿ ನನ್ನ ಕಡೆ ನೋಡಿದ. ನಾನು ನನಗೆ ತಿಳಿದದ್ದನ್ನು ಹೇಳಿದೆ. ಒಪ್ಪಂದದಲ್ಲಿ ಒಬ್ಬ ಪಾರ್ಟಿ ತೀರಿಕೊಂಡರೆ ಒಪ್ಪಂದ ತೀರಿತು, ವ್ಯಾಪಾರದಲ್ಲಿ ಹಾಗೆಯೇ.

"ಅವ್ರು ನಿಂತ್ಕಂಡೇ ಹೋದ್ರು ಮಾಮ," ಎಂದ. "ಕೂರ್ಸ್ಬೇಕಲ್ಲ."

ಹೋದ ವಾರ ಅವನ ವರ್ಷ ತುಂಬಿತು. ತಾನೇ ಹೋಗಿ ಊರಗೌಡರಿಗೆ ಹೇಳಿದನಂತೆ. ಅವರು ಏನೂ ಕೇಳದೆ ಕಂಬಳಿ ಹಾಸಿಸಿದರು. ಅವತ್ತು ಬಂದಷ್ಟು ಜನ ಆ ಮರದ ಕೆಳಗೆ ನಾನು ಕಂಡಿರಲಿಲ್ಲ. ಹಿರಿಯರೆಲ್ಲ ಕೂತ ಮೇಲೆ ಗೌಡರು ಗಂಟಲು ಸರಿಮಾಡಿಕೊಂಡು ಹೆಸರು ಹಿಡಿದು ಕರೆದರು. ಪೆರಿಯಮಾವ ಎಂದಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಅರ್ಧ ಊರಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಯಾರನ್ನು ಕರೆದರು ಎಂದು ಚಿಕ್ಕವರು ಒಬ್ಬರನ್ನೊಬ್ಬರು ಕೇಳಿಕೊಂಡರು.

ಕರೆದವರು ಬಂದೆ ಎನ್ನಬೇಕು, ಬಂದು ಕೂರಬೇಕು. ಆಮೇಲೆಯೇ ಮುಂದಿನ ಮಾತು. ಕರೆದದ್ದಾಯಿತು, ಮುಂದೇನು ಎಂದು ಯಾರೂ ಯೋಚಿಸಿರಲಿಲ್ಲ. ಗೌಡರು ನನ್ನ ಕಡೆ ನೋಡಿದರು. ಇಷ್ಟು ಹೊತ್ತು ನಿಮಗೆಲ್ಲ ಸಲಹೆ ಕೊಟ್ಟ ನಾನು ರಂಗಸಾಮಿಯ ಕಡೆ ನೋಡಿದೆ.

ಹೆಂಗಸರ ಕಡೆಯಿಂದ ಅತ್ತೆಯ ದನಿ ಬಂತು.

"ಬಂದವ್ರೆ. ಒಸಿ ಸರ್ಕೊಂಡು ಜಾಗ ಬಿಡಿ," ಎಂದರು. "ಕೂತವ್ರೆ. ಮುಂದಿನ ಮಾತ ಎತ್ತಿ."

ಕಂಬಳಿಯ ಮೇಲಿದ್ದವರು ಸರಿದು ಕೂತರು. ಮುಂದಿನದು ಅಣ್ಣತಮ್ಮಂದಿರಿಬ್ಬರ ಬೇಲಿ ಜಗಳ. ಎತ್ತಿದೆವು.